ಜಪಾನ್–ಅಮೆರಿಕ ಹಾರರ್ ಕುರಿತ ಕಲಾ ಪ್ರಾಜೆಕ್ಟ್‌ಗೆ ಪ್ರತಿಕ್ರಿಯೆ ಪಡೆಯುವುದು ಹೇಗೆ: ಕಲಾ ವಿದ್ಯಾರ್ಥಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಹೆದರಿಸುವ ಚಿತ್ರಕ್ಕೆ ಬೇರೆ ಚಿತ್ರಗಳಿಗಿಲ್ಲದ ಒಂದು ತೊಡಕು ಇದೆ. ನಿಸರ್ಗಚಿತ್ರವನ್ನು ಒಬ್ಬರಿಗೇ ಹಲವು ಸಲ ತೋರಿಸಿ ಪ್ರತಿ ಸಲವೂ ಉಪಯೋಗಕ್ಕೆ ಬರುವ ಮಾತು ಕೇಳಬಹುದು. ಆದರೆ ಜಪಾನಿನ ಮನೆಯ ಕಾಗದದ ಬಾಗಿಲಿನ ಹಿಂದೆ ನೆರಳೊಂದು ನಿಂತಿದೆ ಎಂದು ಒಮ್ಮೆ ಗೊತ್ತಾದವರು, ಗೊತ್ತಿಲ್ಲದವರ ಕಣ್ಣಿನಿಂದ ಅದನ್ನು ಮತ್ತೆ ನೋಡಲಾರರು. ಒಬ್ಬ ನೋಡುಗರಿಂದ ಮೊದಲ ನೋಟದ ಪ್ರತಿಕ್ರಿಯೆ ಸಿಗುವುದು ಒಂದೇ ಬಾರಿ. ಅರ್ಧ ಮುಗಿದ ಕೆಲಸದ ಫೋಟೊವನ್ನು ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ "ಹೇಗಿದೆ?" ಎಂದು ಕೇಳಿದರೆ ಇಡೀ ತರಗತಿಯ ಮೊದಲ ನೋಟ ಒಂದೇ ರಾತ್ರಿಯಲ್ಲಿ ಖರ್ಚಾಗುತ್ತದೆ. ಕೈಗೆ ಬರುವುದು ನಾಲ್ಕಾರು ಇಮೋಜಿ.

ಜಪಾನ್ ಮತ್ತು ಅಮೆರಿಕದ ಹಾರರ್ ಪರಂಪರೆಗಳನ್ನು ಒಟ್ಟಿಗೆ ಇಡುವ ಕೆಲಸದಲ್ಲಿ ಇನ್ನೊಂದು ತೊಡಕೂ ಸೇರಿಕೊಳ್ಳುತ್ತದೆ. ನಮ್ಮ ನೋಡುಗರಿಗೆ ಹಾಲಿವುಡ್ ಚೆನ್ನಾಗಿ ಗೊತ್ತು, ಜಪಾನ್ ಅಷ್ಟಿಷ್ಟು ಗೊತ್ತು. "ಹೆದರಿಕೆಯೇ ಆಗಲಿಲ್ಲ" ಎಂದು ಯಾರಾದರೂ ಹೇಳಿದಾಗ ಚಿತ್ರ ಸೋತಿದೆಯೋ, ಅಲ್ಲಿನ ಸಂಕೇತ ಅವರಿಗೆ ತಿಳಿದಿಲ್ಲವೋ ಎಂದು ಬೇರ್ಪಡಿಸಿ ನೋಡಬೇಕಾಗುತ್ತದೆ. ಹಾಗಾಗಿ ಇಂಥ ಪ್ರಾಜೆಕ್ಟ್‌ಗೆ ಪ್ರತಿಕ್ರಿಯೆ ಪಡೆಯುವುದನ್ನೂ ಚಿತ್ರ ಬಿಡಿಸುವಷ್ಟೇ ಎಚ್ಚರದಿಂದ ಯೋಜಿಸಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಕಾಲ್ಪನಿಕ ಪ್ರಾಜೆಕ್ಟ್ ಇಟ್ಟುಕೊಳ್ಳೋಣ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಇದ್ದಿಲು ಮತ್ತು ಶಾಯಿಯಲ್ಲಿ ನಾಲ್ಕು ಜೋಡಿಚಿತ್ರ ಮಾಡಿದ್ದಾಳೆ. ಪ್ರತಿ ಜೋಡಿಯ ಎಡಫಲಕದಲ್ಲಿ ಜಪಾನಿನ ಹಳೆಯ ಮನೆ, ಬಲಫಲಕದಲ್ಲಿ ಅಮೆರಿಕದ ಉಪನಗರದ ಮನೆ.

ಹಂತ 1: ನಿಮ್ಮ ವಾದವನ್ನು ಒಂದು ವಾಕ್ಯಕ್ಕೆ ಇಳಿಸಿ

ಯಾರಿಗೂ ತೋರಿಸುವ ಮೊದಲೇ, ಈ ಕೆಲಸ ಏನು ಹೇಳುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದು ಸ್ಕೆಚ್‌ಬುಕ್ಕಿನಲ್ಲಿ ಮುಚ್ಚಿಡಿ. ಹೆಚ್ಚಿನವರು ಬರೆಯುವ ವಾಕ್ಯ ಇದು: "ಜಪಾನಿನ ಭಯ ಸೂಕ್ಷ್ಮ, ಅಮೆರಿಕದ್ದು ರಕ್ತಮಯ." ಜ್ಯೂರಿಯಲ್ಲಿ, ಅಂದರೆ ಅಧ್ಯಾಪಕರು ಕೂತು ಕೆಲಸವನ್ನು ಅಳೆಯುವ ಸಭೆಯಲ್ಲಿ, ಮೊದಲು ಉರುಳುವುದೂ ಇದೇ. 1866–67ರಲ್ಲಿ ಜಪಾನಿನ ಕಲಾವಿದರಾದ ಯೋಶಿತೋಶಿ ಮತ್ತು ಯೋಶಿಇಕು ಸೇರಿ ಮಾಡಿದ ಮರದಚ್ಚಿನ ಮುದ್ರಣಗಳ ಮಾಲಿಕೆಯನ್ನು ನೋಡಿದ ಯಾರೂ ಜಪಾನಿನ ಕಲೆಯಲ್ಲಿ ರಕ್ತವಿಲ್ಲ ಎನ್ನಲಾರರು. ಅದರ ತುಂಬ ಕೊಲೆಗಳೇ. ಇತ್ತ 1942ರಲ್ಲೇ ಹಾಲಿವುಡ್‌ನ ಆರ್‌ಕೆಒ ಸ್ಟುಡಿಯೊದಲ್ಲಿ ನಿರ್ಮಾಪಕ ವ್ಯಾಲ್ ಲ್ಯೂಟನ್ ಮೃಗವನ್ನು ಹೆಚ್ಚುಕಡಿಮೆ ತೋರಿಸದೆ, ನೆರಳು ಮತ್ತು ಸದ್ದಿನಿಂದಲೇ ಹೆದರಿಸುವ ಚಿತ್ರ ಮಾಡಿದ್ದರು.

ಎರಡು ಪರಂಪರೆಗಳ ನಡುವೆ ಗೋಡೆಯೂ ಇಲ್ಲ. ಜಪಾನಿನ ದೆವ್ವದ ಕತೆಗಳನ್ನು ಇಂಗ್ಲಿಷ್ ಓದುಗರಿಗೆ ದೊಡ್ಡ ಪ್ರಮಾಣದಲ್ಲಿ ತಲುಪಿಸಿದ ಲಾಫ್‌ಕಾಡಿಯೊ ಹರ್ನ್ ಗ್ರೀಸಿನಲ್ಲಿ ಹುಟ್ಟಿ, ಅಮೆರಿಕದ ಸಿನ್ಸಿನಾಟಿ ಮತ್ತು ನ್ಯೂ ಆರ್ಲಿಯನ್ಸ್‌ಗಳಲ್ಲಿ ಪತ್ರಕರ್ತನಾಗಿದ್ದು, 1890ರಲ್ಲಿ ಜಪಾನಿಗೆ ಹೋಗಿ ಅಲ್ಲಿಯ ಪ್ರಜೆಯಾದವನು. ನಮ್ಮ ಕಾಲಕ್ಕೆ ಬಂದರೆ, 1998ರ ಜಪಾನಿ ಸಿನಿಮಾ 'ರಿಂಗು' 2002ರಲ್ಲಿ ಅಮೆರಿಕದಲ್ಲಿ ಮತ್ತೆ ತಯಾರಾಯಿತು. 2004ರಲ್ಲಿ ಜಪಾನಿನ ನಿರ್ದೇಶಕ ತಕಾಶಿ ಶಿಮಿಜು ತಮ್ಮದೇ ಸಿನಿಮಾ 'ಜು-ಆನ್' ಅನ್ನು ಹಾಲಿವುಡ್‌ಗಾಗಿ ತಾವೇ ಮತ್ತೆ ನಿರ್ದೇಶಿಸಿದರು. ಆ ಚಿತ್ರದ ಕತೆ ನಡೆಯುವುದು ಟೋಕಿಯೊದಲ್ಲೇ. ಅದನ್ನು ಎಡಫಲಕಕ್ಕೆ ಹಾಕುತ್ತೀರೋ ಬಲಫಲಕಕ್ಕೋ? ಈ ಪ್ರಶ್ನೆ ಬಂದೇ ಬರುತ್ತದೆ, ಉತ್ತರ ಸಿದ್ಧವಿರಲಿ.

ದೊಡ್ಡ ವಾಕ್ಯವನ್ನು ಕಿರಿದು ಮಾಡಿ. ನಮ್ಮ ವಿದ್ಯಾರ್ಥಿನಿಗೆ ಹೊಂದುವ ವಾಕ್ಯ ಹೀಗಿರಬಹುದು: "ಜಪಾನಿನ ಹಳೆಯ ಮನೆಯಲ್ಲಿ ಭಯ ಹುಟ್ಟುವುದು ಗೋಡೆ ತೆಳುವಾಗಿರುವುದರಿಂದ; ಅಮೆರಿಕದ ಉಪನಗರದ ಮನೆಯಲ್ಲಿ ಅದು ಹುಟ್ಟುವುದು ಯಾರೂ ಇಳಿಯದ ನೆಲಮಾಳಿಗೆಯಿಂದ." ಇದನ್ನು ಗೆರೆ, ಬೆಳಕು, ಕಪ್ಪಿನಲ್ಲಿ ತೋರಿಸಬಹುದು. ನೋಡುಗರು ಒಪ್ಪಬಹುದು, ಒಪ್ಪದೆಯೂ ಇರಬಹುದು. ಅಂಥ ವಾಕ್ಯ ಇದ್ದರೆ ಮಾತ್ರ, ಬಂದ ಪ್ರತಿಕ್ರಿಯೆ ಕೆಲಸಕ್ಕೆ ಸಂಬಂಧಿಸಿದ್ದೋ ಅಲ್ಲವೋ ಎಂದು ಅಳೆಯಲು ನಿಮ್ಮ ಕೈಯಲ್ಲೊಂದು ಅಳತೆ ಇರುತ್ತದೆ.

ಹಂತ 2: ತೋರಿಸುವ ಮೊದಲು ವಿವರಗಳ ತಪ್ಪು ತೆಗೆಯಿರಿ

ಒಂದು ಸಣ್ಣ ತಪ್ಪು ಕಂಡರೂ ಅರ್ಧ ಗಂಟೆಯ ಚರ್ಚೆ ಅದರ ಸುತ್ತಲೇ ಸುತ್ತುತ್ತದೆ. ಅಮೂಲ್ಯ ಸಮಯ ಹಾಳಾಗದಿರಲಿ ಎಂದಾದರೆ ಇವನ್ನು ಮೊದಲೇ ಪರೀಕ್ಷಿಸಿಕೊಳ್ಳಿ.

ಜಪಾನಿನ ಉಡುಗೆಯಾದ ಕಿಮೊನೊವನ್ನು, ಉಟ್ಟವರ ಎಡಬದಿಯ ಅಂಚು ಬಲಅಂಚಿನ ಮೇಲೆ ಬರುವಂತೆ ಉಡುವುದು ಬದುಕಿರುವವರು. ಬಲ ಮೇಲೆ ಬಂದರೆ ಅದು ಶವದ ಉಡುಗೆ. ಬದುಕಿರುವ ಪಾತ್ರಕ್ಕೆ ತಿರುವುಮುರುವಾಗಿ ಉಡಿಸಿದರೆ, ತಿಳಿದವರು ಅವಳನ್ನು ಆಗಲೇ ಸತ್ತವಳೆಂದು ಓದುತ್ತಾರೆ. ಫೋಟೊವನ್ನು ಕನ್ನಡಿಬಿಂಬವಾಗಿ ತಿರುಗಿಸಿ ಬಿಡಿಸುವಾಗ ಈ ತಪ್ಪು ಸುಲಭವಾಗಿ ನುಸುಳುತ್ತದೆ. ದೆವ್ವದ ಬಿಳಿ ಉಡುಗೆ, ಹಣೆಯ ಬಿಳಿ ತ್ರಿಕೋನ ಬಟ್ಟೆ ಅಂತ್ಯಸಂಸ್ಕಾರದಿಂದ ಬಂದವು. ಪಾದವಿಲ್ಲದ ದೆವ್ವದ ರೂಪವನ್ನು ಜನಪ್ರಿಯಗೊಳಿಸಿದ ಕೀರ್ತಿ 18ನೇ ಶತಮಾನದ ಚಿತ್ರಕಾರ ಮಾರುಯಾಮ ಓಕ್ಯೊಗೆ ಸಲ್ಲುತ್ತದೆ. ಆದರೂ ಜಪಾನಿನ ಎಲ್ಲ ದೆವ್ವಗಳಿಗೂ ಪಾದವಿಲ್ಲ ಎಂದು ಬರೆಯಬೇಡಿ. ಜಪಾನಿನ ನೃತ್ಯ–ಸಂಗೀತ ಕಲಾವಿದೆ ಗೇಶಾಳ ಬಿಳಿ ಮುಖಕ್ಕೂ ದೆವ್ವದ ಬಿಳಿ ಮುಖಕ್ಕೂ ಸಂಬಂಧವಿಲ್ಲ. ಕೈ ಚಾಚಿ ಕುಪ್ಪಳಿಸುತ್ತ ಬರುವ ಶವ ಚೀನಾದ್ದು, ಜಪಾನಿನದಲ್ಲ.

ಅಮೆರಿಕದ ಬದಿಯಲ್ಲೂ ಇಷ್ಟೇ ಎಚ್ಚರ ಬೇಕು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ 1692ರಲ್ಲಿ ನಡೆದ ಮಾಟಗಾತಿಯರ ವಿಚಾರಣೆಗಳಲ್ಲಿ ಯಾರನ್ನೂ ಬೆಂಕಿಗೆ ಹಾಕಲಿಲ್ಲ. 19 ಮಂದಿಯನ್ನು ಗಲ್ಲಿಗೇರಿಸಲಾಯಿತು, ಒಬ್ಬನನ್ನು ಕಲ್ಲುಗಳ ಭಾರ ಹೇರಿ ಕೊಲ್ಲಲಾಯಿತು. ಸುಡುತ್ತಿರುವ ಹೆಂಗಸನ್ನು ಬಿಡಿಸಿ ಕೆಳಗೆ ಸೇಲಂ ಎಂದು ಬರೆದರೆ ಅದು ಸುಳ್ಳು. ಚಪ್ಪಟೆ ತಲೆಯ ಫ್ರಾಂಕೆನ್‌ಸ್ಟೈನ್ ರಾಕ್ಷಸನ ಮುಖ 1931ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊದ ಸಿನಿಮಾಕ್ಕೆ ಜ್ಯಾಕ್ ಪಿಯರ್ಸ್ ಮಾಡಿದ ಮೇಕಪ್. ಮೂಲ ಕಾದಂಬರಿ 1818ರಲ್ಲಿ ಲಂಡನ್ನಿನಲ್ಲಿ ಬಂದದ್ದು. ಅವನನ್ನು ಅಮೆರಿಕದವನು ಎನ್ನುವುದಾದರೆ ಆ ಮುಖದ ಬಲದ ಮೇಲೆ ಮಾತ್ರ ಎನ್ನಬಹುದು. ಇನ್ನು "ಮೂಲನಿವಾಸಿಗಳ ಸ್ಮಶಾನದ ಮೇಲೆ ಕಟ್ಟಿದ ಮನೆ" ಎಂಬ ಹಳೆಯ ಕಥಾತಂತ್ರ ಬಳಸಿದ್ದರೆ, ಒಂದು ಸಮುದಾಯದ ನಿಜವಾದ ನಷ್ಟವನ್ನು ಬರೀ ಹೆದರಿಸುವ ಸಾಮಗ್ರಿಯಾಗಿ ಬಳಸಿದ್ದೀರಿ ಎಂಬ ಆಕ್ಷೇಪ ಬರುತ್ತದೆ. ನ್ಯಾಯವಾದ ಆಕ್ಷೇಪ ಅದು.

ಚಿತ್ರದಲ್ಲಿ ಜಪಾನಿ ಅಕ್ಷರಗಳಿದ್ದರೆ ಆ ಭಾಷೆ ಕಲಿತವರೊಬ್ಬರಿಗೆ ತೋರಿಸದೆ ಫಲಕಕ್ಕೆ ಏರಿಸಬೇಡಿ.

ಹಂತ 3: ನೋಡುಗರನ್ನು ಆರಿಸಿ, ಸರದಿ ಮಾಡಿ

ಮೂರು ಬಗೆಯ ನೋಡುಗರು ಬೇಕು: ಜಪಾನಿನ ಸಿನಿಮಾ, ಮಾಂಗಾ (ಜಪಾನಿ ಕಾಮಿಕ್ಸ್), ಮುದ್ರಣಚಿತ್ರ ಬಲ್ಲವರು; ಹಾಲಿವುಡ್ ಹಾರರ್ ನೋಡಿ ಬೆಳೆದವರು; ಎರಡೂ ಗೊತ್ತಿಲ್ಲದವರು. ಮೂರನೆಯವರನ್ನು ವಿದ್ಯಾರ್ಥಿಗಳು ಬಿಟ್ಟೇಬಿಡುತ್ತಾರೆ. ಆದರೆ ಗೆರೆ ಮತ್ತು ಬೆಳಕು ಸಂಕೇತಗಳ ನೆರವಿಲ್ಲದೆ ಎಷ್ಟು ಕೆಲಸ ಮಾಡುತ್ತಿವೆ ಎಂದು ಹೇಳಬಲ್ಲವರು ಅವರೇ. ಹಾಸ್ಟೆಲಿನ ವಾರ್ಡನ್, ಫ್ರೇಮ್ ಹಾಕುವ ಅಂಗಡಿಯವರು, ನಿಮ್ಮ ಚಿಕ್ಕಮ್ಮ, ಯಾರಾದರೂ ಆಗಬಹುದು.

ಎಲ್ಲರಿಗೂ ಒಂದೇ ದಿನ ತೋರಿಸಬೇಡಿ. ಒಂಬತ್ತು ಜನ ಸಿಕ್ಕರೆ ಪ್ರತಿ ಬಗೆಯಿಂದ ಒಬ್ಬೊಬ್ಬರಂತೆ ಮೂರು ಮೂರು ಜನರ ಮೂರು ಸರದಿ ಮಾಡಿ. ಮೊದಲ ಸರದಿ ಕಚ್ಚಾ ರೂಪಕ್ಕೆ, ಎರಡನೆಯದು ತಿದ್ದಿದ ಮೇಲೆ, ಮೂರನೆಯದು ಸಲ್ಲಿಕೆಗೆ ಮುಂಚೆ. ನೋಡಿದವರು ನೋಡದವರಿಗೆ ಹೇಳದಂತೆ ವಿನಂತಿಸಿ. ಅಲ್ಲಿಯವರೆಗೆ ಇನ್‌ಸ್ಟಾಗ್ರಾಂಗೆ ಒಂದು ಮೂಲೆಯ ಫೋಟೊ ಕೂಡ ಬೇಡ.

ಕರೆಯುವಾಗಲೇ ಚಿತ್ರದಲ್ಲಿ ಏನಿದೆ ಎಂದು ಸ್ಥೂಲವಾಗಿ ತಿಳಿಸಿ: "ಸಾವು ಇದೆ, ಗಾಯ ಇದೆ, ಬೇಡ ಅನ್ನಿಸಿದರೆ ಬರಬೇಡಿ, ಮಧ್ಯದಲ್ಲೇ ಎದ್ದು ಹೋದರೂ ಬೇಜಾರಿಲ್ಲ." ಆತ್ಮಹತ್ಯೆ, ಮಕ್ಕಳ ಮೇಲಿನ ಹಿಂಸೆಯಂಥ ವಿಷಯವಿದ್ದರೆ ಅದನ್ನು ಸ್ಪಷ್ಟವಾಗಿಯೇ ಹೇಳಬೇಕು. ಇದರಿಂದ ಅಚ್ಚರಿ ಕೆಡುತ್ತದೆ ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಯಾವ ವಿಷಯ ಇದೆ ಎಂದು ತಿಳಿದವರಿಗೂ ಅದು ಎಲ್ಲಿ, ಹೇಗೆ ಎದುರಾಗುತ್ತದೆ ಎಂಬುದು ತಿಳಿದಿರುವುದಿಲ್ಲ.

ಹಂತ 4: ಮೊದಲ ಎರಡು ನಿಮಿಷ ಮೌನ

ಫೋನಿನಲ್ಲಿ ತೋರಿಸಬೇಡಿ. ಕತ್ತಲೆ ತುಂಬಿದ ಚಿತ್ರ ಅಂಗೈಯಗಲದ ಪರದೆಯಲ್ಲಿ ಬರೀ ಕಪ್ಪು ಚೌಕವಾಗುತ್ತದೆ. ಗೋಡೆಗೆ ಹಾಕಿ, ಫಲಕದ ಮಧ್ಯ ನೆಲದಿಂದ ಸುಮಾರು 145–150 ಸೆಂ.ಮೀ. ಎತ್ತರದಲ್ಲಿರಲಿ. ಬೆಳಕು ಮೇಲಿನಿಂದ ಓರೆಯಾಗಿ ಬೀಳಲಿ. ಇದ್ದಿಲಿನ ಕೆಲಸಕ್ಕೆ ಗಾಜು ಹಾಕಿದ್ದರೆ ನೋಡುಗರು ನಿಲ್ಲುವ ಜಾಗದಲ್ಲಿ ನಿಂತು ನೀವೇ ನೋಡಿ. ಗಾಜಿನ ಹಿಂದಿನ ದಟ್ಟ ಕಪ್ಪು ಕನ್ನಡಿಯಾಗಿ ನಿಮ್ಮ ಮುಖವನ್ನೇ ತೋರಿಸುತ್ತದೆ. ಬೇಕೆಂದೇ ಮಾಡಿದ್ದಲ್ಲವಾದರೆ ಅದು ಎಲ್ಲವನ್ನೂ ಹಾಳು ಮಾಡುತ್ತದೆ.

ಶೀರ್ಷಿಕೆ ಬೇಡ, ವಿವರಣೆಯ ಚೀಟಿ ಬೇಡ. ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಎರಡು ನಿಮಿಷ ಸುಮ್ಮನೆ ನೋಡಲು ಬಿಡಿ. ನೀವು ಅವರ ಹಿಂದೆ ನಿಲ್ಲದೆ, ಅವರ ಮುಖ ಕಾಣುವಂತೆ ಪಕ್ಕದಲ್ಲಿ ಕುಳಿತು ಬರೆದುಕೊಳ್ಳಿ: ಮೊದಲು ಯಾವ ಫಲಕದ ಎದುರು ನಿಂತರು, ಎಲ್ಲಿ ಹತ್ತಿರ ಹೋದರು, ಎಲ್ಲಿ ಹಿಂದೆ ಸರಿದರು, ಯಾವುದನ್ನು ದಾಟಿಬಿಟ್ಟರು, ಎಲ್ಲಿ ನಕ್ಕರು. ನಗು ಕಂಡು ಕುಗ್ಗಬೇಡಿ. ನಕ್ಕ ಮೇಲೆ ಮತ್ತೆ ಅದೇ ಜಾಗಕ್ಕೆ ಕಣ್ಣು ಹೋದರೆ ಅದು ಕಸಿವಿಸಿಯ ನಗು, ಚಿತ್ರ ಏನೋ ಮಾಡಿದೆ. ನಕ್ಕು ಮುಂದಿನ ಫಲಕಕ್ಕೆ ಹೊರಟುಹೋದರೆ ಅಲ್ಲಿ ನಿಜವಾಗಿ ಸಮಸ್ಯೆ ಇದೆ.

ಹಂತ 5: ಸರಿಯಾದ ಪ್ರಶ್ನೆ, ಸರಿಯಾದ ಕ್ರಮ

"ಹೇಗಿದೆ?" ಎಂದರೆ "ಚೆನ್ನಾಗಿದೆ" ಎನ್ನುತ್ತಾರೆ. "ಹೆದರಿಕೆ ಆಯ್ತಾ?" ಎಂದರೆ ಧೈರ್ಯಸ್ಥರು ಇಲ್ಲ ಎನ್ನುತ್ತಾರೆ, ದಾಕ್ಷಿಣ್ಯದವರು ಹೌದು ಎನ್ನುತ್ತಾರೆ. ಎರಡರಿಂದಲೂ ತಿಳಿಯುವುದು ಏನೂ ಇಲ್ಲ.

ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ಒಂದು ವಿಧಾನ ಇಲ್ಲಿ ತುಂಬ ಉಪಯುಕ್ತ. ಅದರಲ್ಲಿ ನಾಲ್ಕು ಹೆಜ್ಜೆಗಳಿವೆ. ಮೊದಲು ನೋಡುಗರು ತಮಗೆ ಗಮನಾರ್ಹ, ಅರ್ಥಪೂರ್ಣ ಅನ್ನಿಸಿದ್ದನ್ನು ಹೇಳುತ್ತಾರೆ. ಆಮೇಲೆ ಕಲಾವಿದರು ಪ್ರಶ್ನೆ ಕೇಳುತ್ತಾರೆ. ಅನಂತರ ನೋಡುಗರು ಅಭಿಪ್ರಾಯ ಬೆರೆಸದ ಪ್ರಶ್ನೆ ಕೇಳುತ್ತಾರೆ. ಕೊನೆಗೆ, ಕಲಾವಿದರ ಒಪ್ಪಿಗೆ ಪಡೆದು ಅಭಿಪ್ರಾಯ ಹೇಳುತ್ತಾರೆ. ತೀರ್ಪು ಕೊನೆಗೆ ಬರುವುದರಿಂದ ಮೊದಲ ನೋಟದ ಮಾತು ಕಲಕದೆ ಉಳಿಯುತ್ತದೆ.

ಎರಡನೆಯ ಹೆಜ್ಜೆಯಲ್ಲಿ ನೀವು ಕೇಳಬಹುದಾದವು: "ಮೊದಲು ಏನು ಕಂಡಿತು?" "ಈ ಮನೆಯಲ್ಲಿ ಯಾವ ಕೋಣೆಗೆ ಹೋಗಲು ಮನಸ್ಸಾಗಲಿಲ್ಲ?" "ಇಲ್ಲಿ ಯಾರಾದರೂ ಇದ್ದಾರಾ? ಎಲ್ಲಿ?" "ಎರಡು ಫಲಕಗಳಲ್ಲಿ ಯಾವುದು ಮೊದಲು ನಡೆದದ್ದು ಅನ್ನಿಸಿತು?" ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಕನ್ನಡ ಓದುವ ಕಣ್ಣು ಎಡದಿಂದ ಬಲಕ್ಕೆ ಹರಿಯುತ್ತದೆ. ಜಪಾನಿನ ಸುರುಳಿಚಿತ್ರಗಳು, ಮಾಂಗಾ ಪುಟಗಳು ಬಲದಿಂದ ಎಡಕ್ಕೆ. ಜಪಾನನ್ನು ಎಡಕ್ಕೂ ಅಮೆರಿಕವನ್ನು ಬಲಕ್ಕೂ ಇಟ್ಟಾಗ ನೋಡುಗರು ಅದನ್ನು "ಹಿಂದೆ–ಈಗ" ಎಂದೋ "ಮೂಲ–ನಕಲು" ಎಂದೋ ಓದಬಹುದು. ಅದು ನಿಮ್ಮ ವಾದವಲ್ಲದಿದ್ದರೆ ಫಲಕ ಅದಲುಬದಲು ಮಾಡಿ ಮುಂದಿನ ಸರದಿಯವರಿಗೆ ತೋರಿಸಿ.

ಹಂತ 6: ಜ್ಯೂರಿಯಲ್ಲಿ

ಜ್ಯೂರಿಯಲ್ಲಿ ಕ್ರಮ ನಿಮ್ಮ ಕೈಯಲ್ಲಿರುವುದಿಲ್ಲ, ಸಮಯವೂ ಕಡಿಮೆ. ನಿಮ್ಮ ಒಂದು ವಾಕ್ಯ ಹೇಳಿ ಸುಮ್ಮನಾಗಿ. ಬಂದ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಲು ಗೆಳತಿಯೊಬ್ಬಳನ್ನು ಕೂರಿಸಿ, ಏಕೆಂದರೆ ಎದುರು ನಿಂತವರಿಗೆ ಅರ್ಧ ಮಾತು ಕೇಳಿಸುವುದೇ ಇಲ್ಲ. ಮಾತು ಅಸ್ಪಷ್ಟವಾಗಿದ್ದರೆ ವಾದಿಸುವ ಬದಲು ಸ್ಥಳ ಕೇಳಿ:

"ಇದು ಸ್ವಲ್ಪ ಸಪ್ಪೆ ಆಯ್ತಮ್ಮ."
"ಸರ್, ಯಾವ ಫಲಕದಲ್ಲಿ ಹಾಗನ್ನಿಸಿತು? ಎಲ್ಲಿಂದ ಶುರುವಾಯ್ತು?"

ಹೀಗೆ ಕೇಳಿದರೆ ಹೆಚ್ಚಿನ ಮೇಷ್ಟ್ರುಗಳು ಎದ್ದು ಬಂದು ಬೆರಳಿಟ್ಟು ತೋರಿಸುತ್ತಾರೆ. ನಿಮಗೆ ಬೇಕಿರುವುದು ಆ ಬೆರಳು ಮುಟ್ಟಿದ ಜಾಗ.

ಹಂತ 7: ಬಂದ ಮಾತುಗಳನ್ನು ಬಿಡಿಸಿ ಓದಿ

ಅದೇ ದಿನ ತಿದ್ದಲು ಕೂರಬೇಡಿ. ಒಂದು ರಾತ್ರಿ ಕಳೆಯಲಿ. ಆಮೇಲೆ ಪ್ರತಿ ಮಾತನ್ನೂ ನಾಲ್ಕರಲ್ಲಿ ಒಂದು ಗುಂಪಿಗೆ ಹಾಕಿ: ವಿವರ ತಪ್ಪಾಗಿದೆ; ನಾನು ಇಟ್ಟದ್ದು ಕಾಣಲಿಲ್ಲ; ಕಂಡಿತು, ಆದರೆ ಬೇರೆ ಅರ್ಥ ಬಂತು; ಅವರಿಗೆ ಇಷ್ಟವಾಗಲಿಲ್ಲ. ಮೊದಲನೆಯದನ್ನು ತಕ್ಷಣ ತಿದ್ದಿ. ಕೊನೆಯದನ್ನು ಗೌರವದಿಂದ ಬದಿಗಿಡಿ. ನಿಜವಾದ ಕೆಲಸ ಇರುವುದು ನಡುವಿನ ಎರಡರಲ್ಲಿ. ಇಂಥ ಪ್ರಾಜೆಕ್ಟ್‌ಗಳಲ್ಲಿ ಮತ್ತೆ ಮತ್ತೆ ಬರುವ ಕೆಲವು ಮಾತುಗಳನ್ನು ನೋಡೋಣ.

"ಹೆದರಿಕೆಯೇ ಆಗಲಿಲ್ಲ." ಹೇಳಿದವರು ಯಾವ ಬಗೆಯವರು ಎಂದು ಮೊದಲು ನೋಡಿ. ಬಿಳಿ ಉಡುಗೆಯ ಅರ್ಥ ಗೊತ್ತಿಲ್ಲದವರು ಮಾತ್ರ ಹೇಳಿದ್ದರೆ ನೀವು ಸಂಕೇತದ ಮೇಲೆ ಹೆಚ್ಚು ಭಾರ ಹಾಕಿದ್ದೀರಿ, ಚಿತ್ರದ ಮೇಲೆ ಕಡಿಮೆ. ಮೂರೂ ಬಗೆಯವರು ಹೇಳಿದ್ದರೆ ದೆವ್ವ ಬೇಗ ಕಾಣುತ್ತಿದೆಯೇ ಎಂದು ಪರೀಕ್ಷಿಸಿ. ಹಂತ 4ರ ಟಿಪ್ಪಣಿಯಲ್ಲಿ ಎಲ್ಲರ ಕಣ್ಣೂ ಮೊದಲ ಕ್ಷಣದಲ್ಲೇ ನೆರಳಿಗೆ ಹೋಗಿದ್ದರೆ ಅಲ್ಲಿನ ಕಪ್ಪು–ಬಿಳಿ ವ್ಯತ್ಯಾಸ ತಗ್ಗಿಸಿ. ಕಾಗದದ ಬಾಗಿಲು ಮೊದಲು ಬರೀ ಬಾಗಿಲಾಗಿ ಕಾಣಬೇಕು.

"ಸಿನಿಮಾ ಪೋಸ್ಟರ್ ಥರ ಇದೆ." ನೋಯಿಸುವ ಮಾತು, ಆದರೆ ಹೆಚ್ಚಾಗಿ ನಿಜ. ಮುಖ ಮುಚ್ಚಿದ ಉದ್ದಕೂದಲನ್ನು 1998ರ 'ರಿಂಗು' ಸಿನಿಮಾದಿಂದ ನೇರವಾಗಿ ಎತ್ತಿದರೆ ನೋಡುಗರು ಆ ಸಿನಿಮಾವನ್ನು ನೆನೆದು ಸುಮ್ಮನಾಗುತ್ತಾರೆ, ನಿಮ್ಮ ಚಿತ್ರವನ್ನು ನೋಡುವುದಿಲ್ಲ. ಹಿಂದಿನದಕ್ಕೆ ಹೋಗಿ. 1825ರಲ್ಲಿ ಎಡೊ ನಗರದ (ಇಂದಿನ ಟೋಕಿಯೊ) ಕಬುಕಿ ನಾಟಕದ ರಂಗದ ಮೇಲೆ ಬಂದ ದೆವ್ವ ಓಇವಾ ವಿಷದಿಂದ ವಿಕಾರವಾದ ಮುಖದವಳು, ಬಾಚಿದರೆ ಕೂದಲು ಉದುರುವವಳು. 1830ರ ದಶಕದ ಆರಂಭದ ಮುದ್ರಣಚಿತ್ರದಲ್ಲಿ ಜಪಾನಿನ ಚಿತ್ರಕಾರ ಹೊಕುಸಾಯ್ ಅದೇ ಓಇವಾಳನ್ನು ಹರಿದ ಕಾಗದದ ಲಾಂದ್ರವಾಗಿ ಬಿಡಿಸಿದ. ಹರಿದ ಜಾಗವೇ ಬಾಯಿ. ಬಾವಿಯಿಂದ ಏಳುವ ಒಕಿಕು ಎಂಬ ಇನ್ನೊಂದು ದೆವ್ವದ ಕೊರಳನ್ನು ಅವಳು ಎಣಿಸುತ್ತಿದ್ದ ತಟ್ಟೆಗಳಿಂದಲೇ ಜೋಡಿಸಿದ. ಅವನು ದೆವ್ವವನ್ನು ಅದರ ಕತೆಯ ವಸ್ತುವಿನಿಂದ ಕಟ್ಟಿದ್ದಾನೆ ಎಂಬುದನ್ನು ಗಮನಿಸಿ. ನಮ್ಮ ವಿದ್ಯಾರ್ಥಿನಿಯ ದೆವ್ವವನ್ನೂ ಹಾಗೆ ತೆಳುಗೋಡೆಯಿಂದಲೇ, ಬಾಗಿಲಿನ ಮರಪಟ್ಟಿ ಮತ್ತು ಕಾಗದದಿಂದಲೇ ಕಟ್ಟಲಾದೀತೇ? ಒಂದು ಕಟುವಾದ ಮಾತು ಹೀಗೆ ಇಡೀ ಮಾಲಿಕೆಯನ್ನು ತಿರುಗಿಸಬಲ್ಲದು.

"ಅಮೆರಿಕದ ಫಲಕ ಬರೀ ರಕ್ತ." ಕೆಂಪನ್ನು ತೆಗೆದು ಒಂದು ಪ್ರತಿ ಮಾಡಿ ನೋಡಿ. 1960ರ 'ಸೈಕೊ' ಸಿನಿಮಾದಲ್ಲಿ ನಿರ್ದೇಶಕ ಹಿಚ್‌ಕಾಕ್ ರಕ್ತಕ್ಕೆ ಚಾಕೊಲೆಟ್ ಸಿರಪ್ ಬಳಸಿದ್ದು ಕಪ್ಪು–ಬಿಳುಪಿನಲ್ಲಿ ಬಣ್ಣಕ್ಕಿಂತ ಗಾಢತೆ ಮುಖ್ಯವಾಗಿದ್ದರಿಂದ. ನಿಮ್ಮ ವಾದ ನೆಲಮಾಳಿಗೆಯ ಬಗ್ಗೆ ಇದ್ದರೆ ಮೆಟ್ಟಿಲಿನ ಕೊನೆಯ ಕಪ್ಪು ಎಷ್ಟು ಗಾಢ ಎಂಬುದೇ ಪ್ರಶ್ನೆ. ರಕ್ತ ಆ ಪ್ರಶ್ನೆಯಿಂದ ಕಣ್ಣನ್ನು ಆಚೆ ಎಳೆಯುತ್ತದೆ.

"ನಮ್ಮ ದೆವ್ವಗಳನ್ನು ಯಾಕೆ ಬಿಟ್ಟೆ?" ಕರ್ನಾಟಕದಲ್ಲಿ ತೋರಿಸುವ ಯಾರೂ ಇದರಿಂದ ತಪ್ಪಿಸಿಕೊಳ್ಳಲಾರರು. ಬಿಳಿ ಉಡುಗೆ, ಬಿಚ್ಚಿದ ಕೂದಲು ಕಂಡ ಕೂಡಲೇ ನಮ್ಮವರಿಗೆ ಮೋಹಿನಿ ನೆನಪಾಗುತ್ತಾಳೆ. ಬೆಂಗಳೂರಿನವರಿಗೆ 1990ರ ದಶಕದಲ್ಲಿ ಬಾಗಿಲುಗಳ ಮೇಲೆ ಬರೆದ "ನಾಳೆ ಬಾ" ನೆನಪಾಗಬಹುದು. 1979ರಲ್ಲಿ ಜಪಾನಿನಾದ್ಯಂತ ಹರಡಿದ, ಎದುರಾದವರನ್ನು "ನಾನು ಚೆಲುವೆಯೇ?" ಎಂದು ಕೇಳುವ ಬಾಯಿ ಸೀಳಿದ ಹೆಂಗಸಿನ ವದಂತಿಗೂ ಅದಕ್ಕೂ ಹತ್ತಿರದ ಹೋಲಿಕೆಯಿದೆ: ಎರಡರಲ್ಲೂ ಅವಳಿಗೆ ಕೊಡುವ ಉತ್ತರವೇ ಪಾರಾಗುವ ದಾರಿ. ಹಾಗೆಂದು ಒಂಬತ್ತನೆಯ ಫಲಕವಾಗಿ ಒಬ್ಬ ಮೋಹಿನಿಯನ್ನು ಅಂಟಿಸಬೇಡಿ. ನಿಮ್ಮ ಒಂದು ವಾಕ್ಯ ಮನೆಯ ಗೋಡೆ ಮತ್ತು ನೆಲಮಾಳಿಗೆಯದು, ಅವಳಿಗೆ ಅಲ್ಲಿ ಕೆಲಸವಿಲ್ಲ. ಆದರೆ ಈ ಎರಡು ಮನೆಗಳನ್ನು ನೋಡುತ್ತಿರುವ ಕಣ್ಣು ಎಲ್ಲಿಯದು ಎಂದು ಕಲಾವಿದರ ಹೇಳಿಕೆಯಲ್ಲಿ ಎರಡು ಸಾಲು ಬರೆಯಿರಿ. ಕೇಳಿದವರು ಬಯಸುವುದು ಸಾಮಾನ್ಯವಾಗಿ ಅದನ್ನೇ.

ಜಪಾನಿನವರೊಬ್ಬರು ಅಥವಾ ಅಮೆರಿಕದಲ್ಲಿ ಬೆಳೆದ ಸಂಬಂಧಿಕರೊಬ್ಬರು ನೋಡಿದರೆ ಅವರ ಮಾತಿಗೆ ವಿವರಗಳ ವಿಷಯದಲ್ಲಿ ಹೆಚ್ಚು ತೂಕ ಕೊಡಿ. "ಜಪಾನಿನವರಿಗೆ ಹೀಗನ್ನಿಸುತ್ತದೆ" ಎಂದು ಮಾತ್ರ ಬರೆಯಬೇಡಿ. ಮಾತಾಡಿದ್ದು ಒಬ್ಬ ವ್ಯಕ್ತಿ.

ಹಂತ 8: ಒಂದು ಸಲಕ್ಕೆ ಒಂದು ಬದಲಾವಣೆ

ಬೆಳಕು, ಫಲಕದ ಕ್ರಮ, ದೆವ್ವದ ಆಕಾರ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಫಲಿಸಿತು ಎಂದು ತಿಳಿಯುವುದಿಲ್ಲ. ಪ್ರತಿ ಬದಲಾವಣೆಗೆ ಮುಂಚೆ ಒಳ್ಳೆಯ ಬೆಳಕಿನಲ್ಲಿ ಫೋಟೊ ತೆಗೆದಿಡಿ. ಇದ್ದಿಲನ್ನು ಒರೆಸಿದ ಮೇಲೆ ಹಿಂದಿನದು ಮರಳಿ ಬಾರದು. ಮೂಲವನ್ನು ಮುಟ್ಟಲು ಅಂಜಿಕೆ ಇದ್ದರೆ ಸಣ್ಣ ಕಾಗದದಲ್ಲಿ ಆ ಮೂಲೆಯನ್ನಷ್ಟೇ ಮತ್ತೆ ಬಿಡಿಸಿ ಪರೀಕ್ಷಿಸಿ. ತಿದ್ದಿದ್ದನ್ನು ಎರಡನೆಯ ಸರದಿಯವರಿಗೆ, ಅಂದರೆ ಇನ್ನೂ ನೋಡಿರದವರಿಗೆ, ಅದೇ ಬೆಳಕಿನಲ್ಲಿ ಅದೇ ಎರಡು ನಿಮಿಷದ ಮೌನದೊಂದಿಗೆ ತೋರಿಸಿ. ಮೊದಲ ಸರದಿಯವರನ್ನೂ ಮತ್ತೆ ಕರೆಯಬಹುದು, ಆದರೆ ಭಯದ ಬಗ್ಗೆ ಕೇಳಬೇಡಿ. ವಾದ ಸ್ಪಷ್ಟವಾಯಿತೇ ಎಂದು ಮಾತ್ರ ಕೇಳಿ.

ಪ್ರೊಸೆಸ್ ಪುಸ್ತಕದಲ್ಲಿ, ಅಂದರೆ ಕೆಲಸ ಬೆಳೆದ ದಾರಿಯನ್ನು ದಾಖಲಿಸುವ ಪುಸ್ತಕದಲ್ಲಿ, ಬಂದ ಮಾತು, ನೀವು ಮಾಡಿದ್ದು, ಮಾಡದಿದ್ದರೆ ಏಕೆ ಎಂಬುದು ಅಕ್ಕಪಕ್ಕ ಇರಲಿ. ಒಪ್ಪದೆ ಬಿಟ್ಟ ಸಲಹೆಗೂ ಒಂದು ಸಾಲಿನ ಕಾರಣ ಬರೆಯಿರಿ. ಕೊನೆಯ ಜ್ಯೂರಿಯಲ್ಲಿ ಅದೇ ಸಲಹೆ ಮತ್ತೆ ಬಂದಾಗ ಆ ಪುಟ ತೆಗೆದು ತೋರಿಸಿದರೆ ಸಾಕು. ನೋಡಲು ಬಂದವರಿಗೆಲ್ಲ, ಅವರ ಯಾವ ಮಾತಿನಿಂದ ಏನು ಬದಲಾಯಿತು ಎಂದು ತಿಳಿಸಿ.

ಮೂರನೆಯ ಸರದಿ ಮುಗಿದ ಮೇಲೆ ಹೊಸಬರನ್ನು ಹುಡುಕಬೇಡಿ. ಸಲ್ಲಿಕೆಗೆ ಉಳಿದ ನಾಲ್ಕೈದು ದಿನಗಳು ಫಿಕ್ಸೇಟಿವ್ (ಇದ್ದಿಲು ಉದುರದಂತೆ ಹಿಡಿದಿಡುವ ದ್ರವ) ಹೊಡೆದು ಒಣಗಿಸುವುದಕ್ಕೆ, ಗಾಜು ಬೇಕೋ ಬೇಡವೋ ನಿರ್ಧರಿಸುವುದಕ್ಕೆ, ಜೋಡಿಫಲಕಗಳ ನಡುವಿನ ಅಂತರವನ್ನು ಅಳೆದು ಮೊಳೆ ಹೊಡೆಯುವುದಕ್ಕೆ ಬೇಕಾಗುತ್ತವೆ.